ಇಂಟರ್‌ಕೂಲರಿಗೆ ನನ್ನದೂ ಒಂದು ಕೈ

"ಇಲ್ಲಿ ನೋಡೇ, ಆ ಸೌಟು ಕೆಳಗಿಟ್ಟು ಕೇಳಿಸ್ಕೋ. ಕಾರು ಓಡೋದು ಯಾವುದರಿಂದ? ಡೀಸೆಲ್‌ನಿಂದ ಅಂತೀಯ. ತಪ್ಪು. ಉಸಿರಿನಿಂದ! ನಮ್ಮ ಕಾರಲ್ಲಿ ಟರ್ಬೋ ಅಂತ ಒಂದಿದೆ. ಅದು ಗಾಳೀನ ಹಿಡಿದು, ಹಿಸುಕಿ ಹಿಸುಕಿ ಎಂಜಿನ್ನಿಗೆ ತುರುಕುತ್ತೆ. ಹಿಸುಕಿದ್ರೆ ಗಾಳಿ ಏನಾಗುತ್ತೆ? ಬಿಸಿಯಾಗುತ್ತೆ. ಸೈಕಲ್ಲಿಗೆ ಪಂಪ್ ಹೊಡೆದಾಗ ಅದರ ಬುಡ ಮುಟ್ಟಿ ನೋಡಿದ್ದೀಯಾ? ಇಲ್ಲ. ಮುಟ್ಟಿದ್ರೆ ಗೊತ್ತಾಗ್ತಿತ್ತು. ಬಿಸಿ ಗಾಳಿ ಅಂದ್ರೆ ಪೊಳ್ಳು ಗಾಳಿ. ಹೊಟ್ಟೆ ತುಂಬಿದ ಹಾಗಿರುತ್ತೆ, ಮೈಯಲ್ಲಿ ತ್ರಾಣ ಇರಲ್ಲ. ಅದಕ್ಕೇ ಅದನ್ನ ಆರಿಸೋಕೆ ಮುಂದ್ಗಡೆ ಜಾಲರಿ ಹಿಂದೆ ಒಂದು ಪೆಟ್ಟಿಗೆ ಇಟ್ಟಿದ್ದಾರೆ, ಇಂಟರ್‌ಕೂಲರ್ ಅಂತ. ಈ ಕಡೆ ಪೈಪಿಂದ ಬಿಸಿ ಗಾಳಿ ಒಳಗೆ, ಆ ಕಡೆ ಪೈಪಿಂದ ತಣ್ಣನೆ ಗಾಳಿ ಹೊರಗೆ. ಮಧ್ಯದಲ್ಲಿ ಒಂದು ಚೂರು ಗಾಳಿ ಸೋರಬಾರದು. ಸೋರಿತೋ, ಕಾರು ಕುಂಟು ಕತ್ತೆ. ಈಗ ನಮ್ಮ ಕಾರಿನ ರೋಗ ಎಲ್ಲಿದೆ ಗೊತ್ತಾ? ಬಣ್ಣದಲ್ಲಿ! ಆ ಪೆಟ್ಟಿಗೆ ಬೋಳು ಅಲ್ಯೂಮಿನಿಯಂ. ಬೆಳ್ಳಗೆ ಹೊಳೀತಾ ಕೂತಿದೆ. ಹೊಳೆಯೋ ವಸ್ತು ಯಾವಾಗ್ಲೂ ಜಿಪುಣ, ಒಳಗಿನ ಬಿಸಿ ಹೊರಗೆ ಬಿಡಲ್ಲ. ಕಪ್ಪು ಹಾಗಲ್ಲ, ಅದು ಧಾರಾಳಿ. ಕಪ್ಪು ಬಳಿದು ಬಿಡ್ತೀನಿ, ಆಮೇಲೆ ನೋಡು ಆ ಏರು ನಮಗೆ ಯಾವ ಲೆಕ್ಕ!"

ಇದು ನಮ್ಮ ಯಜಮಾನರು ಒಂದು ಬೆಳಿಗ್ಗೆ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತು ಮಾಡಿದ ಘನಭಾಷಣ. ಒಂದಕ್ಷರ ಬಿಡದೆ ಬರೆದಿದ್ದೇನೆ. ನಾನು ಓದಿದ್ದು ಕಡಿಮೆ. ಕೂಡುವ ಲೆಕ್ಕ ಮುಗಿದು ಕಳೆಯುವ ಲೆಕ್ಕ ಶುರುವಾಗುವಷ್ಟರಲ್ಲಿ ನನ್ನನ್ನು ಶಾಲೆಯಿಂದ ಕಳೆದುಬಿಟ್ಟಿದ್ದರು. ಆದರೆ ಕಿವಿ ಚೆನ್ನಾಗಿದೆ. ಯಾರು ಏನು ಹೇಳಿದರೂ ಹೇಳಿದ ಹಾಗೆಯೇ ಒಪ್ಪಿಸಬಲ್ಲೆ. (ಈ ಹೆಮ್ಮೆಯೇ ಮುಂದೆ ನನ್ನನ್ನು ತಿಂದಿತು. ಅದಕ್ಕೆ ಬರುತ್ತೇನೆ.)

ಯಜಮಾನರು ಬಸ್ ಡಿಪೋದಲ್ಲಿ ಬಣ್ಣದ ಷೆಡ್ಡಿನ ಮೇಸ್ತ್ರಿಯಾಗಿದ್ದವರು. ಆಯುಷ್ಯವೆಲ್ಲ ಬಸ್ಸುಗಳಿಗೆ ಬಣ್ಣ ಬಳಿದ ಮೇಲೆ ಮನುಷ್ಯನಿಗೆ ಲೋಕದ ಕಾಯಿಲೆಗಳೆಲ್ಲ ಬಣ್ಣದಿಂದಲೇ ವಾಸಿಯಾಗುವಂತೆ ತೋರುತ್ತದೆ. ಬಾಗಿಲು ಕಿರುಗುಟ್ಟಿದರೆ ಎಣ್ಣೆ ಹಾಕುವುದಿಲ್ಲ, ಬಣ್ಣ ಹೊಡೆಯುತ್ತಾರೆ. ನಿವೃತ್ತಿಯಾದ ವರ್ಷ ನಮ್ಮ ಮನೆಯಲ್ಲಿ ಬಣ್ಣ ಕಾಣದೆ ಉಳಿದದ್ದು ನಾನೊಬ್ಬಳು. ಬಕೆಟ್ಟು, ಏಣಿ, ಗ್ಯಾಸ್ ಸಿಲಿಂಡರಿನ ಗಾಲಿ, ಪೊರಕೆಯ ಹಿಡಿ, ಎಲ್ಲಕ್ಕೂ ಆಯಿತು. ಪಕ್ಕದ ಮನೆಯ ಟೈಲರಮ್ಮ ಮಾತಾಡಲು ಬಂದವಳು ಒದ್ದೆ ಸ್ಟೂಲಿನ ಮೇಲೆ ಕೂತು, ಹಿಂದಿನಿಂದ ನೀಲಿಯಾಗಿ ಎದ್ದು ಹೋದಳು. ಈಗಲೂ ನಮ್ಮ ಮನೆಯಲ್ಲಿ ನಿಂತೇ ಮಾತಾಡುತ್ತಾಳೆ.

ಇವರಿಗೆ ಕೆಲಸದಲ್ಲಿ ಒಂದೇ ಮಂತ್ರ: "ತಳ ಕಾಣಬಾರದು." ಬಳಿದ ಮೇಲೆ ಒಳಗಿನ ತಗಡು ಒಂದು ಸಾಸಿವೆಯಷ್ಟೂ ಇಣುಕಬಾರದು. ಬೆಳಕಿಗೆ ಹಿಡಿದು, ಓರೆಯಾಗಿ ನೋಡಿ, ಎಲ್ಲಿ ಬಿಟ್ಟಿದೆಯೋ ಅಲ್ಲಿ ಇನ್ನೊಂದು ಕೈ. ಮದುವೆಯಾದಂದಿನಿಂದ ಇದನ್ನು ಕೇಳಿ ಕೇಳಿ, ನಾನು ದೋಸೆಕಲ್ಲಿಗೆ ಎಣ್ಣೆ ಸವರಿದರೂ ತಳ ಕಾಣದಂತೆ ಸವರುತ್ತೇನೆ.

ಆಮೇಲೆ ಮಗಳು ತನ್ನ ಹಳೆಯ ಕಾರನ್ನು ಅಪ್ಪನಿಗೆ ಕೊಟ್ಟಳು. ಮನೆ ಬದುಕಿತು. ಇವರು ಕಾರು ಒರೆಸುವುದು, ಕಾರು ಓಡಿಸುವುದು, ಕಾರಿನ ವಿಷಯ ಓದುವುದು, ಇದರಲ್ಲೇ ಮುಳುಗಿ ಬ್ರಷ್ಷನ್ನು ಮರೆತರು. ಹಾಗಾಗಿ ಆ ಕಾರು ಇರಲೇಬೇಕೆಂದು ಇವರಿಗಿಂತ ಹೆಚ್ಚಾಗಿ ಬಯಸುತ್ತಿದ್ದವಳು ನಾನು.

ಆದರೆ ಮಗಳ ಮನೆ ಇರುವುದು ಒಂದು ಏರು ರಸ್ತೆಯ ತುದಿಯಲ್ಲಿ. ಕೆಳಗೆ ಸಮತಟ್ಟಿನಲ್ಲಿ ಕುದುರೆಯಂತೆ ಓಡುವ ಕಾರು, ಆ ಏರು ಕಂಡ ಕೂಡಲೇ ಉಸ್ಸೆಂದು ಕಾಲು ಚಾಚುತ್ತಿತ್ತು. ಕಾರಿಗಿಂತ ಇವರದ್ದೇ ನನಗೆ ಚಿಂತೆ. ಏರು ಶುರುವಾದರೆ ಸಾಕು, ಪಕ್ಕದಲ್ಲಿ ಕೂತ ನನಗೆ ಕೇಳಿಸುತ್ತಿತ್ತು: ಬುಸ್... ಬುಸ್ಸ್... ಎಂದು ಇವರು ಹಾವಿನಂತೆ ಉಸಿರು ಬಿಡುತ್ತಿದ್ದರು. ಗಂಡಸು, ಕಾರು ಹತ್ತುತ್ತಿಲ್ಲವೆಂಬ ಸಂಕಟ, ಪಾಪ ಎಂದುಕೊಂಡು ನಾನು ಕಿಟಕಿಯ ಆಚೆ ನೋಡುತ್ತಿದ್ದೆ. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಗಂಡನ ಬುಸುಗುಡುವಿಕೆಯನ್ನು ಎತ್ತಿ ಆಡುವುದು ಮರ್ಯಾದೆಯಲ್ಲ.

ಹೋದ ಸಲವಂತೂ ಅಂಚೆಯವನು ಸೈಕಲ್ಲನ್ನು ತಳ್ಳಿಕೊಂಡು ಹತ್ತುತ್ತಿದ್ದವನು ನಮ್ಮನ್ನು ಹಿಂದೆ ಹಾಕಿದ. ಹಾಕಿ ಸುಮ್ಮನೆ ಹೋಗಲಿಲ್ಲ. ತಿರುಗಿ ನಿಂತು, "ತಳ್ಳಬೇಕಾ ತಾತಾ?" ಅಂದ. ಮೇಲೆ ಬಾಲ್ಕನಿಯಲ್ಲಿ ಮಗಳು ನಿಂತು ಎಲ್ಲ ನೋಡುತ್ತಿದ್ದಳು. ಅವಳು ಆಸ್ಪತ್ರೆಯಲ್ಲಿ ನರ್ಸು. ಮಾತು ಇಂಜೆಕ್ಷನ್ ಇದ್ದ ಹಾಗೆ, ಚಿಕ್ಕದು, ನೇರ.

"ಅಪ್ಪಾ, ಹಿಂದಿನಿಂದ ಲಾರಿ ಬಂದ್ರೆ ಏನ್ ಗತಿ? ಪಕ್ಕದಲ್ಲಿ ಅಮ್ಮ ಬೇರೆ. ಇನ್ನೊಂದ್ಸಲ ಈ ಏರಲ್ಲಿ ನಿಂತ್ರೆ ಕಾರಿನ ಕೀ ನನ್ನ ಕೈಗೆ. ಆಮೇಲೆ ಬಸ್ಸಲ್ಲಿ ಬನ್ನಿ."

ತಾವೇ ಬಣ್ಣ ಬಳಿದ ಬಸ್ಸುಗಳಲ್ಲಿ ಟಿಕೆಟ್ ತೆಗೆದುಕೊಂಡು ಕೂರುವುದೆಂದರೆ ಇವರಿಗೆ ಪ್ರಾಣಸಂಕಟ. ಮನೆಗೆ ಬಂದವರೇ ಅನ್ನ ನೀರು ಬಿಟ್ಟು (ಅಂದರೆ ಎರಡನೆಯ ಸಲ ಬಡಿಸಿಕೊಳ್ಳದೆ) ಯೋಚಿಸಿದರು. ಆ ಯೋಚನೆಯ ಫಲವೇ ಮೇಲಿನ ಭಾಷಣ.

ಭಾಷಣ ಮುಗಿಯುವ ಹೊತ್ತಿಗೆ ನನ್ನ ತಮ್ಮ ಬಂದ. ಅವನದು ಫ್ರಿಜ್ ರಿಪೇರಿ. ಬಿಸಿ ಮಾಡುವುದು ಹೆಂಗಸರ ಕೆಲಸ, ತಣ್ಣಗೆ ಮಾಡುವುದು ತನ್ನ ಕೆಲಸ ಎಂದು ತಿಳಿದವನು. ಭಾವನಿಗೂ ಅವನಿಗೂ ಎತ್ತು ಏರಿಗೆ ಕೋಣ ನೀರಿಗೆ. ಇವರು ಅವನನ್ನು 'ಐಸು' ಅನ್ನುತ್ತಾರೆ, ಅವನು ಇವರನ್ನು 'ಬ್ರಷ್ ಭಾವ' ಅನ್ನುತ್ತಾನೆ.

"ಬಣ್ಣಾನಾ?" ಅಂದ ತಮ್ಮ. "ಭಾವಾ, ಬಣ್ಣ ಅಂದ್ರೆ ಸ್ವೆಟರು. ಜ್ವರದಲ್ಲಿ ಸುಡ್ತಿರೋನಿಗೆ ಕಂಬಳಿ ಹೊದಿಸಿ ತಣ್ಣಗಾಗು ಅಂತೀರಲ್ಲ!"

"ಐಸೂ, ನಿನ್ನ ಫ್ರಿಜ್ಜಿನ ಬೆನ್ನ ಮೇಲೆ ಒಂದು ಜಾಲರಿ ಇರುತ್ತಲ್ಲ, ಬಿಸಿ ಬಿಡೋದು. ಅದ್ಯಾವ ಬಣ್ಣ?"

ತಮ್ಮ ಗೊಣಗಿದ: "...ಕಪ್ಪು."

"ಯಾಕೆ ಕಪ್ಪು? ದೃಷ್ಟಿ ತಾಗಬಾರದು ಅಂತಾನಾ?"

"ಅದು ನಿಂತಲ್ಲೇ ನಿಂತಿರುತ್ತೆ ಭಾವಾ. ಸುತ್ತ ಗಾಳಿ ಆಡಲ್ಲ. ಕಾರು ಓಡುತ್ತೆ, ಮುಖಕ್ಕೆ ಗಾಳಿ ರಾಚುತ್ತೆ. ಗಾಳಿ ಇದ್ದಲ್ಲಿ ಬಣ್ಣಕ್ಕೇನು ಕೆಲಸ?"

"ನಮ್ಮ ಕಾರು ಆ ಏರಲ್ಲಿ ಓಡುತ್ತೆ ಅಂತ ನಿನಗೆ ಯಾರು ಹೇಳಿದ್ದು?" ಅಂದೆ ನಾನು. ಇಬ್ಬರೂ ನನ್ನನ್ನು ಒಂದೇ ಥರ ನೋಡಿದರು.

ಜಗಳ ಊಟದವರೆಗೂ ನಡೆಯಿತು. ಕೊನೆಗೆ ನನಗೇ ಬುದ್ಧಿ ಹೊಳೆಯಿತು. ನನ್ನ ಹತ್ತಿರ ಅಲ್ಯೂಮಿನಿಯಂ ಪಾತ್ರೆ ಎರಡಿವೆ, ಅವಳಿಜವಳಿ. ಒಂದಕ್ಕೆ ಕಪ್ಪು ಹೊಡೆಯಿರಿ, ಇನ್ನೊಂದು ಹಾಗೇ ಇರಲಿ, ಎರಡಕ್ಕೂ ಕುದಿಯುವ ನೀರು ಹಾಕೋಣ, ಯಾವುದು ಮೊದಲು ಆರುತ್ತದೋ ಅವರು ಗೆದ್ದರು ಅಂದೆ. ಪಾತ್ರೆ ಹಾಳಾಗುವುದಕ್ಕೆ ಹೆಂಡತಿಯೇ ಒಪ್ಪಿಗೆ ಕೊಟ್ಟಿದ್ದನ್ನು ಕಂಡು ಇವರಿಗೆ ಕಣ್ಣಲ್ಲಿ ನೀರು ಬಂತು.

ಬಣ್ಣ ಒಣಗಿತು. ನೀರು ಕುದಿಯಿತು. ತಮ್ಮ ತನ್ನ ಕಸುಬಿನ ಥರ್ಮಾಮೀಟರ್ ತಂದ, ಉದ್ದ ಕಡ್ಡಿಯದು. ಅದನ್ನು ಒಮ್ಮೆ ಇದಕ್ಕೆ, ಒಮ್ಮೆ ಅದಕ್ಕೆ ಅದ್ದುತ್ತ ಇಬ್ಬರೂ ಅಡುಗೆಮನೆಯ ಕಟ್ಟೆಯ ಮುಂದೆ, ಹೆರಿಗೆ ಕೋಣೆಯ ಹೊರಗೆ ಕಾಯುವವರಂತೆ ನಿಂತರು. ನಾನು ಬಟ್ಟೆ ಮಡಿಸಿ ಬಂದೆ. ಕಪ್ಪು ಪಾತ್ರೆಯೇ ಮೊದಲು ಆರಿತು!

"ನೋಡಿದ್ಯಾ! ನೋಡಿದ್ಯಾ ಐಸೂ!" ಎಂದು ಇವರು ಸೌಟು ಹಿಡಿದು ಕುಣಿದರು.

ತಮ್ಮ ಒಳಗೆ ಹೋಗಿ ಟೇಬಲ್ ಫ್ಯಾನ್ ಹೊತ್ತು ತಂದ. "ಈಗ ಮತ್ತೆ ಕುದಿಸು ಅಕ್ಕಾ. ಕಾರು ನಿನ್ನ ಅಡುಗೆಮನೇಲಿ ಓಡಲ್ಲ." ಮತ್ತೆ ಕುದಿಸಿದೆ. ಫ್ಯಾನು ಜೋರಾಗಿ ತಿರುಗಿತು, ಸಾಸಿವೆ ಹಾರಿತು, ಕ್ಯಾಲೆಂಡರ್ ಹಾರಿತು. ಈ ಸಲ ಎರಡೂ ಪಾತ್ರೆ ಹೆಚ್ಚುಕಮ್ಮಿ ಒಟ್ಟಿಗೇ ಆರಿದವು. ಈಗ ತಮ್ಮ ಕುಣಿದ.

ಇಬ್ಬರೂ ಗೆದ್ದರು, ಇಬ್ಬರೂ ಸೋಲಲಿಲ್ಲ, ನನ್ನ ಒಂದು ಪಾತ್ರೆ ಕಪ್ಪಾಯಿತು. ನ್ಯಾಯಾಧೀಶೆ ನಾನೇ ಆದ್ದರಿಂದ ಹಾವೂ ಸಾಯದ, ಕೋಲೂ ಮುರಿಯದ ತೀರ್ಪು ಕೊಟ್ಟೆ: "ತೆಳ್ಳಗೆ ಹೊಡೆದ್ರೆ ತೊಂದರೆ ಇದ್ಯೇನೋ?"

"ತೆಳ್ಳಗಾದ್ರೆ ಲಾಭಾನೂ ಇಲ್ಲ, ನಷ್ಟಾನೂ ಇಲ್ಲ," ಅಂದ ತಮ್ಮ.

"ಹಾಗಾದ್ರೆ ತೆಳ್ಳಗೆ ಹೊಡೀರಿ. ಅವರ ಮನಸ್ಸಾದ್ರೂ ತಣ್ಣಗಾಗ್ಲಿ."

ಇಬ್ಬರೂ ಸೇರಿ ಕಾರಿನ ಮೂತಿ ಬಿಚ್ಚಿ ಇಂಟರ್‌ಕೂಲರನ್ನು ಹೊರಗೆ ತೆಗೆದರು. ತಮ್ಮ ತನ್ನ ಕೆಲಸಕ್ಕೆ ಹೋದ. ಇವರು ಅದನ್ನು ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ತೊಳೆದು, ಒಣಗಿಸಿ, ಒಂದು ಮುಖಕ್ಕೆ ಸ್ಪ್ರೇ ಹೊಡೆದರು. ನಿಜ ಹೇಳಬೇಕು, ಅಷ್ಟು ತೆಳ್ಳಗೆ ಅವರು ಹೊಡೆದದ್ದನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ತಿರುವಿ ಹಾಕಿ ಇನ್ನೊಂದು ಮುಖಕ್ಕೂ ಹೊಡೆಯುವಷ್ಟರಲ್ಲಿ ಒಳಗೆ ಫೋನು ಬಡಿದುಕೊಂಡಿತು. ಮಗಳು. "ನಾಳೆ ಬರ್ತೀರಾ? ಕಾರಲ್ಲೋ, ಬಸ್ಸಲ್ಲೋ?" ಎಂದು ಕೇಳಲು.

ಇವರು ಒಳಗೆ ಓಡುತ್ತ ಹೇಳಿದರು: "ಒಂದು ಕಣ್ಣಿಟ್ಟಿರೇ. ಎಲ್ಲಾದ್ರೂ ತಳ ಕಂಡ್ರೆ ಒಂದು ಕೈ ಹಾಕು."

ನಾನು ಸೆರಗು ಸಿಕ್ಕಿಸಿಕೊಂಡು, ಆ ಪೆಟ್ಟಿಗೆಯನ್ನು ಅಂಚಿನಲ್ಲಿ ಹಿಡಿದು ಬೆಳಕಿಗೆ ಎತ್ತಿದೆ. ತಳ ಕಾಣುವುದಿರಲಿ, ಆಚೆಯ ಕಾಂಪೌಂಡೇ ಕಾಣುತ್ತಿತ್ತು! ಜರಡಿ ಹಿಡಿದ ಹಾಗೆ ಎಲ್ಲೆಲ್ಲೂ ಸಣ್ಣ ಸಣ್ಣ ತೂತು.

'ಮಧ್ಯದಲ್ಲಿ ಒಂದು ಚೂರು ಗಾಳಿ ಸೋರಬಾರದು.' ಯಾರು ಹೇಳಿದ್ದು? ಇವರೇ. ನನ್ನ ಕಿವಿ ಸುಳ್ಳು ಹೇಳುವುದಿಲ್ಲ. ಒಂದು ತೂತಿದ್ದರೆ ಕತ್ತೆಯಾಗುವ ಕಾರು, ಇಷ್ಟು ತೂತಿದ್ದರೆ ಅಂಚೆಯವನ ಸೈಕಲ್ಲಿಗೂ ಸೋಲುವುದರಲ್ಲಿ ಆಶ್ಚರ್ಯವೇನು? ಗಂಡಸರಿಬ್ಬರು ದಿನವಿಡೀ ಬಣ್ಣ, ಬಣ್ಣ ಎಂದು ಕಿತ್ತಾಡಿದರು. ಎತ್ತಿ ಬೆಳಕಿಗೆ ಹಿಡಿದು ನೋಡಿದವಳು ನಾನೊಬ್ಬಳು. ದೀಪದ ಬುಡದಲ್ಲೇ ಕತ್ತಲೆ ಎಂದುಕೊಂಡೆ. ಸೋರುವ ಪಾತ್ರೆಗಳನ್ನು ನಾನು ಮುಚ್ಚಿಲ್ಲವೇ? ಬಕೆಟ್ಟಿನ ಬಿರುಕಿಗೆ ಮೇಣ ಹಾಕಿಲ್ಲವೇ?

ಗೇಟಿಗೆ ತಂದಿದ್ದ ಕಪ್ಪು ಬಣ್ಣ ಡಬ್ಬಿಯ ತಳದಲ್ಲಿ ಉಳಿದು, ಪಾಕದ ಹಾಗೆ ಗಟ್ಟಿಯಾಗಿತ್ತು. ಅದೇ ಬೇಕಿತ್ತು. ಸಣ್ಣ ಬ್ರಷ್ಷು ಹಿಡಿದು ಒಂದೊಂದೇ ತೂತನ್ನು ತಾಳ್ಮೆಯಿಂದ ಮುಚ್ಚಿದೆ. ನನ್ನ ತಾಳ್ಮೆಗೆ ಮನೆಯಲ್ಲಿ ಹೆಸರಿದೆ. ಅಪ್ಪ ಮಗಳು ಫೋನಿನಲ್ಲಿ ಏರು, ಲಾರಿ, ಕೀ ಎಂದು ವಾದ ಮುಗಿಸುವ ಹೊತ್ತಿಗೆ ಆ ಇನ್ನೊಂದು ಮುಖ ಕಪ್ಪು ಹಲಗೆಯಂತೆ ನುಣ್ಣಗಾಗಿತ್ತು. ಸೀಮೆಸುಣ್ಣ ಇದ್ದರೆ ಕಳೆಯುವ ಲೆಕ್ಕ ಕಲಿಯಬಹುದಿತ್ತು.

ಇವರು ಕನ್ನಡಕ ಒಳಗೆ ಬಿಟ್ಟು ಬಂದರು. ಒಮ್ಮೆ ನೋಡಿ, "ಭೇಷ್! ಎಲ್ಲೂ ತಳ ಕಾಣ್ತಿಲ್ಲ," ಅಂದರು. ಅಷ್ಟು ವರ್ಷದಲ್ಲಿ ಇವರಿಂದ ನನ್ನ ಕೈಕೆಲಸಕ್ಕೆ ಸಿಕ್ಕ ಮೊದಲ ಭೇಷ್. ನಾನು ತೂತುಗಳ ವಿಷಯ ಹೇಳಲಿಲ್ಲ. ನಾಳೆ ಕಾರು ಮೇಲೆ ಹತ್ತಿದ ಮೇಲೆ, ಎಲ್ಲರೂ ಕೂತಿರುವಾಗ, ನಿಧಾನವಾಗಿ ಹೇಳೋಣ ಎಂದು ಇಟ್ಟುಕೊಂಡೆ. ಸಂಜೆ ಮಬ್ಬುಬೆಳಕಿನಲ್ಲಿ ಭಾವ ಭಾವಮೈದ ಯಾವ ಬೋಲ್ಟು ಯಾವ ತೂತಿಗೆ ಎಂದು ಜಗಳಾಡುತ್ತ, ನಾನು ಬಳಿದ ಮುಖ ಹಿಂದಕ್ಕೆ ಬರುವಂತೆ ಅದನ್ನು ಕೂರಿಸಿದರು.

ಮರುದಿನ ಹೊರಟೆವು. ನಾನು ಮುಂದೆ, ತಮ್ಮ ಹಿಂದೆ. ಏರು ಬಂತು. ಯಜಮಾನರು ಬೆನ್ನು ನೆಟ್ಟಗೆ ಮಾಡಿದರು. ಕಾರು ಹತ್ತತೊಡಗಿತು. ಬುಸ್... ಬುಸ್ಸ್... ಶುರುವಾಯಿತು. ನಾನು ಮರ್ಯಾದೆಯಿಂದ ಕಿಟಕಿಯ ಆಚೆ ನೋಡಿದೆ. ಕಿಟಕಿಯ ಆಚೆ ಒಬ್ಬ ಅಜ್ಜಿ ಕೋಲೂರಿಕೊಂಡು ಹೋಗುತ್ತಿದ್ದಳು. ಸ್ವಲ್ಪ ಹೊತ್ತು ನಮ್ಮ ಜೊತೆಗೇ ಬಂದು, ಆಮೇಲೆ ಮುಂದೆ ಹೋದಳು.

"ಭಾವಾ, ಮುಳ್ಳು!" ಅಂದ ತಮ್ಮ. ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಮುಟ್ಟಿತ್ತು. ಮುಂದಿನಿಂದ ಹೊಗೆಯಂತೆ ಆವಿ ಎದ್ದಿತು. ಕಾರು ಒಮ್ಮೆ ಕೆಮ್ಮಿ, ಮಗಳ ಮನೆಯ ಬಾಲ್ಕನಿಗೆ ಸರಿಯಾಗಿ ಕಾಣುವ ಜಾಗ ನೋಡಿಕೊಂಡು ನಿಂತಿತು.

ಮಗಳು ನರ್ಸಿನ ಬಟ್ಟೆಯಲ್ಲೇ ಇಳಿದು ಬಂದಳು. ಕೈ ಚಾಚಿದಳು. ಇವರು ಕೀಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಶಾಲೆಯಲ್ಲಿ ಗೋಲಿ ಕಿತ್ತುಕೊಳ್ಳುವಾಗ ಹುಡುಗರು ನಿಲ್ಲುವ ಹಾಗೆ ನಿಂತರು.

ತಮ್ಮ ಬಾನೆಟ್ ಎತ್ತಿ, ಆವಿ ಇಳಿದ ಮೇಲೆ ಟಾರ್ಚ್ ಬಿಟ್ಟು ಸಂದಿಯಲ್ಲಿ ಇಣುಕಿದ. "ಭಾವಾ, ಇದೇನಿದು? ತೆಳ್ಳಗೆ ಅಂದ್ರೆ ಗೋಡೆ ಕಟ್ಟಿದ್ದೀರಲ್ಲ! ಒಂದು ತೂತೂ ಬಿಟ್ಟಿಲ್ಲ. ಆ ತೂತಿಂದಲೇ ಅಲ್ವಾ ಹೊರಗಿನ ಗಾಳಿ ಹಾದು ಹೋಗ್ಬೇಕಾದ್ದು? ಬಿಸಿ ಗಾಳಿ ಇರೋದು ಕೊಳವೆ ಒಳಗೆ. ತೂತು ಇರೋದು ಕೊಳವೆ ಮಧ್ಯೆ. ಇಂಟರ್‌ಕೂಲರಿಗೂ ಉಸಿರು ಕಟ್ಟಿತು, ಹಿಂದಿರೋ ರೇಡಿಯೇಟರಿಗೂ ಕಟ್ಟಿತು."

ಗಾಳಿ ಎರಡು! ಒಳಗಿನದು ಒಂದು, ಹೊರಗಿನದು ಒಂದು. ಭಾಷಣದಲ್ಲಿ ಬಂದದ್ದು ಒಂದೇ ಗಾಳಿ.

ಯಜಮಾನರು ಈಗ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಮೇಸ್ತ್ರಿಗೆ ಬ್ರಷ್ಷಿನ ಗೆರೆ ಕೈಬರಹವಿದ್ದ ಹಾಗೆ, ಯಾರದ್ದೆಂದು ಗೊತ್ತಾಗದೆ ಇರುವುದಿಲ್ಲ. ಎದ್ದು ನಿಂತು, ನನ್ನ ಕಡೆ ನೋಡದೆ, "ಹೂಂ. ನಾನೇ ಬಳಿದದ್ದು. ಕೈ ಸ್ವಲ್ಪ ಹೆಚ್ಚಾಯ್ತು," ಎಂದು ಮುಷ್ಟಿ ಬಿಚ್ಚಿ ಕೀ ಮಗಳ ಕೈಗಿಟ್ಟರು.

ನನಗೆ ತಡೆಯಲಾಗಲಿಲ್ಲ. "ಸುಳ್ಳು! ಅವರು ಹೊಡೆದದ್ದು ತೆಳ್ಳಗೇ. ತೂತು ಮುಚ್ಚಿದ್ದು ನಾನು. ಸೋರುತ್ತೆ ಅಂತ ಮುಚ್ಚಿದೆ."

ಅಣಕಿಸಲು ಬಾಯಿ ತೆರೆದ ತಮ್ಮ ಅಕ್ಕನೆಂದು ಮುಚ್ಚಿದ. ಮಗಳು ಮಾತ್ರ ಕೇಳಿದಳು: "ಅದಿರ್ಲಿ. ನೀನು ಮುಚ್ಚಿದ್ದು ನಿನ್ನೆ. ಹೋದ ಸಲಾನೂ ನಿಂತಿತ್ತಲ್ಲ, ಅದ್ಯಾಕೆ? ಮಾವಾ, ಕೂತ್ಕೊಂಡು ಸ್ವಲ್ಪ ಎಕ್ಸಿಲೇಟರ್ ಒತ್ತಿ."

ಕಾರು ತಣ್ಣಗಾಗಲು ಬಿಟ್ಟು, ನೀರು ಹಾಕಿ, ತಮ್ಮ ಒತ್ತಿದ. ಎಂಜಿನ್ ಗುರ್ರೆಂದಿತು. ಜೊತೆಗೆ ಬುಸ್ಸ್... ಬುಸ್ಸ್...

ನಾನು ತಟ್ಟನೆ ಇವರ ಮುಖ ನೋಡಿದೆ. ಇವರ ಬಾಯಿ ಮುಚ್ಚಿತ್ತು. ಮೂಗಿನ ಹೊಳ್ಳೆಯೂ ಅಲುಗುತ್ತಿರಲಿಲ್ಲ.

ಮಗಳು ರೋಗಿಯ ಎದೆ ಮುಟ್ಟುವ ಹಾಗೆ ಒಂದೊಂದೇ ರಬ್ಬರ್ ಪೈಪಿನ ಕೆಳಗೆ ಕೈಯಾಡಿಸಿದಳು. ಎಂಜಿನ್ ಕಡೆಯ ಪೈಪಿನ ಹೊಟ್ಟೆಯಡಿ ಕೈ ನಿಂತಿತು. "ಇಲ್ಲಿದೆ. ಸೀಳಿದೆ. ಬುಸ್ ಅಂತ ಗಾಳಿ ಬರ್ತಿದೆ. ಅಪ್ಪಾ, ಇಷ್ಟು ಜೋರು ಸದ್ದು, ನಿಮಗೆ ಕೇಳಿಸ್ಲಿಲ್ವಾ?"

"ನನಗೆ ಆ ಕಡೆ ಕಿವಿ ಮಂದ ಅಲ್ವೇನಮ್ಮಾ," ಅಂದರು ಇವರು. "ಪಕ್ಕದಲ್ಲಿ ನಿಮ್ಮಮ್ಮ ಇರ್ತಾಳಲ್ಲ. ಸೂಜಿ ಬಿದ್ರೂ ಕೇಳಿಸುತ್ತೆ ಅವಳಿಗೆ. ಏನೂ ಹೇಳ್ಲಿಲ್ಲ, ಅಂದ್ಮೇಲೆ ಸದ್ದೇ ಇಲ್ಲ ಅಂದ್ಕೊಂಡೆ."

ಮೂವರೂ ನನ್ನ ಕಡೆ ತಿರುಗಿದರು.

"ಕೇಳಿಸ್ತಿತ್ತು," ಅಂದೆ.

"ಎಷ್ಟು ದಿನದಿಂದಮ್ಮಾ?"

"ಮೊದಲಿಂದ್ಲೂ."

"ಮತ್ತೆ ಯಾಕೆ ಹೇಳ್ಲಿಲ್ಲ?"

ಏನು ಹೇಳಲಿ? ನಡುರಸ್ತೆಯಲ್ಲಿ, ತಮ್ಮನ ಮುಂದೆ, ಮಗಳ ಮುಂದೆ? "ನಿಮ್ಮಪ್ಪ ಅಂದ್ಕೊಂಡಿದ್ದೆ," ಅಂದೆ.

ತಮ್ಮ ರಸ್ತೆಬದಿಯ ಕಲ್ಲಿನ ಮೇಲೆ ಕೂತು ನಕ್ಕ. ಎದ್ದು ನಿಂತು ನಕ್ಕ. ಮಗಳು ಆ ಕಡೆ ತಿರುಗಿಕೊಂಡಳು, ಭುಜ ಮಾತ್ರ ಕುಣಿಯುತ್ತಿತ್ತು. ಯಜಮಾನರು ನಗಲಿಲ್ಲ. "ನಾನು ಹಾಗೆ ಬುಸುಗುಟ್ತೀನಾ?" ಎಂದು ನಿಜವಾಗಿ ಚಿಂತೆಯಿಂದ ಕೇಳಿದರು.

ತಮ್ಮ ಫ್ರಿಜ್ಜಿನ ಬೆಳ್ಳಿ ಟೇಪನ್ನು ಸೀಳಿದ ಪೈಪಿಗೆ ಬಿಗಿಯಾಗಿ ಸುತ್ತಿದ. ಇಂಟರ್‌ಕೂಲರನ್ನು ಮತ್ತೆ ಬಿಚ್ಚಿದರು. ಮಗಳ ಮನೆಯ ಮೆಟ್ಟಿಲ ಮೇಲೆ ಅದನ್ನು ತೊಡೆಯ ಮೇಲಿಟ್ಟುಕೊಂಡು, ಥಿನ್ನರು, ಹಳೆಯ ಹಲ್ಲುಜ್ಜುವ ಬ್ರಷ್ಷು, ಹೇರ್‌ಪಿನ್ನು ಹಿಡಿದು, ಮುಚ್ಚಿದ ಒಂದೊಂದು ತೂತನ್ನೂ ನಾನೇ ಬಿಡಿಸಿದೆ. ಮುಚ್ಚುವುದಕ್ಕಿಂತ ತೆರೆಯುವುದು ಬಹಳ ಹೊತ್ತು ಹಿಡಿಯುತ್ತದೆ. ಇವರು ಆಗಾಗ ಬಂದು ಬೆಳಕಿಗೆ ಹಿಡಿದು ನೋಡಿ, "ಇಲ್ಲಿ ಇನ್ನೂ ಕಾಣ್ತಿಲ್ಲ," ಎಂದು ಹೋಗುತ್ತಿದ್ದರು.

ಬಿಡಿಸಿದ್ದನ್ನು ಕೂರಿಸಿ, ಕೆಳಗಿನಿಂದ ಮತ್ತೊಮ್ಮೆ ಹತ್ತಿಸಿ ನೋಡಿದರು. ಈ ಸಲ ಕಾರು ಅಜ್ಜಿಯನ್ನೂ ಅಂಚೆಯವನನ್ನೂ ಲೆಕ್ಕಕ್ಕಿಡದೆ ಹತ್ತಿತು. ಬಣ್ಣದಿಂದ ಎಂದು ಇವರು, ಟೇಪಿನಿಂದ ಎಂದು ತಮ್ಮ. ಮೇಲೆ ಬಂದು ನಿಂತ ಮೇಲೂ ಇಳಿಯದೆ ಅದನ್ನೇ ವಾದಿಸುತ್ತಿದ್ದರು. ಮಗಳು ಕೊನೆಯ ತೀರ್ಪು ಕೊಟ್ಟಳು.

"ಅಪ್ಪಂದು ತಪ್ಪಿಲ್ಲ. ಕೀ ಅಪ್ಪನ ಹತ್ರಾನೇ ಇರ್ಲಿ. ಅಮ್ಮಾ, ನೀನು ಆ ಬ್ರಷ್ ಕೊಡು ಇಲ್ಲಿ. ಇನ್ಮೇಲೆ ಮುಂದಿನ ಸೀಟು ಮಾವಂಗೆ. ನೀನು ಹಿಂದೆ. ಮತ್ತೆ ಏನೇ ಸದ್ದು ಕೇಳಿಸ್ಲಿ, ಯಾರದ್ದಾದ್ರೂ ಆಗ್ಲಿ, ತಕ್ಷಣ ಬಾಯಿಬಿಟ್ಟು ಹೇಳ್ಬೇಕು."

ಹಾಗೆ ಬ್ರಷ್ಷೂ ಹೋಯಿತು, ಸೀಟೂ ಹೋಯಿತು. ಹಿಂದಿನ ಸೀಟಿನಲ್ಲಿ ತರಕಾರಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಮನೆಗೆ ಬಂದೆ.

ಬಂದವಳೇ ಚಹಾ ಕಾಯಿಸಿ ಇವರಿಗೆ ಕೊಟ್ಟು, ಹಿಂದಿನ ದಿನ ನೀರು ಕುದಿಸಿ ಹಾಕಿದ್ದ ಅವಳಿಜವಳಿ ಪಾತ್ರೆಗಳನ್ನು ತೊಳೆಯಲು ನಿಂತೆ. ಹೊಳೆಯುವುದನ್ನು ತೊಳೆದು ಬೋರಲು ಹಾಕಿ, ಕಪ್ಪನ್ನು ಕೈಗೆತ್ತಿಕೊಂಡೆ. ಬೆನ್ನ ಹಿಂದೆ ಸದ್ದಾಯಿತು: ಬುಸ್ಸ್...

ಮಗಳ ಅಪ್ಪಣೆ. ನಲ್ಲಿ ನಿಲ್ಲಿಸಿ ತಕ್ಷಣ ಕೂಗಿದೆ, "ರೀ, ಎಲ್ಲೋ ಬುಸ್ ಅಂತಿದೆ!"

"ಅದು ನಾನು ಕಣೇ," ಅಂದರು ಇವರು. "ಚಹಾ ಆರಿಸ್ತಿದ್ದೀನಿ."

ನಾನು ಮತ್ತೆ ನಲ್ಲಿ ಬಿಟ್ಟು, ಕಪ್ಪು ಪಾತ್ರೆಯ ತಳ ಉಜ್ಜತೊಡಗಿದೆ.